ಎಳೆಯರಿಗೆ ಶಾಸ್ತ್ರದಾನ: ರಾಜರತ್ನಂ ಅವರ ಕೆಲವು ಪುಸ್ತಕಗಳು

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರು ಪಾತ್ರನನ್ನು ತಲುಪಿದವೋ ಇಲ್ಲವೋ ಎಂಬುದು ಬೇಗನೆ ತಿಳಿದುಬರುತ್ತದೆ. ಹಸಿದವನು ಉಂಡುದು ಕಣ್ಣಿಗೆ ಕಾಣುತ್ತದೆ. ರೋಗಿಗೆ ಮದ್ದು ಹಿಡಿದುದು ನಾಲ್ಕು ದಿನಗಳಲ್ಲಿ ಗೊತ್ತಾಗುತ್ತದೆ. ಅಂಜಿ ಬಂದವನಿಗೆ ಅಭಯ ದೊರೆತುದು ಅವನ ಮುಖದಲ್ಲಿಯೇ ವ್ಯಕ್ತವಾಗುತ್ತದೆ. ಶಾಸ್ತ್ರದಾನದ ಸ್ವರೂಪ ಮಾತ್ರ ಬೇರೆ. ಕೊಟ್ಟ ಪುಸ್ತಕವು ಪಡೆದವನ ಮನೆಯನ್ನು ಸೇರಿದರೂ ಮನಸ್ಸನ್ನು ಸೇರದೆ ಉಳಿದುಬಿಡಬಹುದು. ಕೊಟ್ಟವನಿಗೆ ಪುಣ್ಯದ ತೃಪ್ತಿ, ಪಡೆದವನಿಗೆ ಗೂಡಿನಲ್ಲೊಂದು ಅಲಂಕಾರ. ಅಲ್ಲಿಗೆ ದಾನವು ಮುಗಿಯಿತೆಂದು ಇಬ್ಬರೂ ಭಾವಿಸುತ್ತಾರೆ.

10ನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಜೈನ ಸಮಾಜದ ಸಭೆಗಳಲ್ಲಿ ಮತ್ತೆ ಮತ್ತೆ ಸ್ಮರಿಸಲಾಗುತ್ತದೆ. ಸ್ಮರಣೆಯು ಉಚಿತವೇ. ಆದರೆ ಆ ಮಹಾತಾಯಿ ಹಂಚಿದುದು ಆ ಕಾಲದ ಶ್ರಾವಕರು ಕುಳಿತು ಕೇಳಬಲ್ಲ ಕನ್ನಡದ ಕಾವ್ಯವನ್ನು ಎಂಬ ಸಂಗತಿಯ ಕಡೆಗೆ ಗಮನ ಹರಿಯುವುದು ಕಡಿಮೆ. ಗ್ರಂಥದ ಹಿರಿಮೆಯಂತೆಯೇ ಗ್ರಾಹಕನ ಯೋಗ್ಯತೆಯನ್ನೂ ನೋಡಿ ಕೊಡುವುದು ಶಾಸ್ತ್ರದಾನದ ಧರ್ಮ. ಗ್ರಾಹಕನು ಏಳೆಂಟು ವರ್ಷದ ಮಗುವಾಗಿದ್ದರೆ ಈ ವಿವೇಚನೆಯು ಇನ್ನೂ ಹೆಚ್ಚು ಬೇಕಾಗುತ್ತದೆ.

ಒಂದು ಟ್ರಸ್ಟಿನ ಮುಂದೆ ಬಂದ ಪ್ರಶ್ನೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲೂಕುಗಳು ಜೈನ ಧರ್ಮದ ಇತಿಹಾಸದಲ್ಲಿ ಬಡವಾದ ನೆಲವಲ್ಲ. ನಾಗಮಂಗಲ ತಾಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಅದರ ಮುಂದಿನ ಎತ್ತರದ ಕಂಬದಿಂದಲೇ ಊರಿಗೆ ಆ ಹೆಸರು ಬಂದಿದೆ. ಕೃಷ್ಣರಾಜಪೇಟೆಯ ಮಗ್ಗುಲಿನ ಹೊಸಹೊಳಲಿನಲ್ಲಿ ಪಾರ್ಶ್ವನಾಥ ಬಸದಿಯಿದೆ. ಶ್ರೀರಂಗಪಟ್ಟಣದ ಕೋಟೆಯ ಊರಿನಲ್ಲಿ ಆದಿನಾಥ ಬಸದಿಯಿದೆ. ಶ್ರವಣಬೆಳಗೊಳವಂತೂ ತಾಲೂಕಿನ ಎಲ್ಲೆಯನ್ನು ದಾಟಿದರೆ ಸಿಗುವಷ್ಟು ಹತ್ತಿರ. ಇಷ್ಟಿದ್ದರೂ ಇಂದು ಈ ಊರುಗಳಲ್ಲಿ ಜೈನ ಮನೆಗಳು ವಿರಳ. ಹಲವು ತಲೆಮಾರುಗಳಿಂದ ಇಲ್ಲಿಯೇ ನೆಲಸಿರುವ ಕನ್ನಡ ಜೈನರು ಕೆಲವರು. ಬಟ್ಟೆ, ಪಾತ್ರೆ, ಗಿರವಿ ವ್ಯಾಪಾರಗಳಿಗಾಗಿ ರಾಜಸ್ಥಾನದ ಕಡೆಯಿಂದ ಬಂದು ನೆಲೆ ನಿಂತವರು ಕೆಲವರು. ಅವರ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಬೀದಿಯಲ್ಲಿ ಮಂಡ್ಯದ ಕನ್ನಡವನ್ನೂ ಆಡುತ್ತಾರೆ. ಕನ್ನಡವನ್ನು ತಡವರಿಸದೆ ಓದಬಲ್ಲ ಮಕ್ಕಳು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ.

ಈ ಭಾಗದ ಕೆಲವು ಕುಟುಂಬಗಳು ಸೇರಿ ನಡೆಸುವ ಚಿಕ್ಕ ಟ್ರಸ್ಟೊಂದರಲ್ಲಿ ಕೃಷ್ಣರಾಜಪೇಟೆಯ ಕಿರಾಣಿ ವರ್ತಕರೊಬ್ಬರು ಸದಸ್ಯರು. ವಯಸ್ಸು ಎಪ್ಪತ್ತರ ಹತ್ತಿರ. ಲೆಕ್ಕದಲ್ಲಿ ಕಟ್ಟುನಿಟ್ಟು, ಸ್ವಾಧ್ಯಾಯದಲ್ಲಿ ಆಸಕ್ತಿ. ಪ್ರತಿವರ್ಷ ಮಹಾವೀರ ಜಯಂತಿಯಂದು ಪಾಠಶಾಲೆಯ ಮಕ್ಕಳಿಗೆ ಬಹುಮಾನವಾಗಿ ಒಂದೊಂದು ದಪ್ಪ ಗ್ರಂಥವನ್ನು ಕೊಡುವುದು ಟ್ರಸ್ಟಿನ ಪದ್ಧತಿಯಾಗಿತ್ತು. ಒಮ್ಮೆ ವಂತಿಗೆಗಾಗಿ ಮನೆಮನೆಗೆ ಹೋದಾಗ ಹಿಂದಿನ ವರ್ಷದ ಬಹುಮಾನಗಳನ್ನು ಅವರು ಕೇಳಿ ತರಿಸಿ ನೋಡಿದರು. ರೇಷ್ಮೆಯ ವಸ್ತ್ರದಲ್ಲಿ ಸುತ್ತಿ, ದೇವರ ಗೂಡಿನಲ್ಲಿಟ್ಟು, ಭಕ್ತಿಯಿಂದ ಅರಿಸಿನ ಕುಂಕುಮ ಹಚ್ಚಿದ್ದರು. ಬಹುಪಾಲು ಪ್ರತಿಗಳಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

ಮುಂದಿನ ಸಭೆಯಲ್ಲಿ ಅವರು ಎತ್ತಿದ ಪ್ರಶ್ನೆಯು ವರ್ತಕನಿಗೆ ತಕ್ಕುದಾಗಿತ್ತು. ಮಂಡಿಯಿಂದ ಹೊರಟ ಸರಕು ಗಿರಾಕಿಯ ಅಡುಗೆಮನೆಯನ್ನು ಸೇರದೆ ಅಟ್ಟದ ಮೇಲೆಯೇ ಉಳಿದರೆ ಅದನ್ನು ಮಾರಾಟವೆಂದು ಬರೆಯುವುದು ಸರಿಯೇ? ಹಾಗಾದರೆ ಓದದ ಪುಸ್ತಕವನ್ನು ದಾನವೆಂದು ಟ್ರಸ್ಟು ಖರ್ಚು ಬರೆಯುತ್ತಿರುವುದು ಯಾವ ನ್ಯಾಯ? ಈ ವರ್ಷ ಮಕ್ಕಳಿಗೆ ಜಿ. ಪಿ. ರಾಜರತ್ನಂ ಅವರ ಪುಸ್ತಕಗಳನ್ನು ಕೊಡೋಣವೆಂದು ಅವರು ಸೂಚಿಸಿದರು.

ಸಭೆಯಲ್ಲಿದ್ದ ಹಿರಿಯ ಸದಸ್ಯರೊಬ್ಬರು ಕೂಡಲೇ ಮೂರು ಆಕ್ಷೇಪಣೆಗಳನ್ನು ಮುಂದಿಟ್ಟರು. ಪಾಠಶಾಲೆಯ ಮಕ್ಕಳಿಗೆ ಬೇಕಾದುದು ಧರ್ಮಬೋಧೆ, ನಾಯಿಮರಿಯ ಹಾಡಲ್ಲ ಎಂಬುದು ಮೊದಲನೆಯದು. ಬರೆದವರು ಜೈನರಲ್ಲ ಎಂಬುದು ಎರಡನೆಯದು. ಹೆಂಡಕುಡುಕನ ಬಾಯಲ್ಲಿ ಪದ ಹಾಡಿಸಿದ ಕವಿಯ ಹೆಸರನ್ನು ಬಸದಿಯ ಅಂಗಳದಲ್ಲಿ ಎತ್ತಬಹುದೇ ಎಂಬುದು ಮೂರನೆಯದು. ಆ ಹಿರಿಯರು ಒಣ ಹಠದವರಲ್ಲ. ಟ್ರಸ್ಟಿಗಾಗಿ ವರ್ಷಾನುಗಟ್ಟಲೆ ದುಡಿದವರು, ಮದ್ಯ ಮಾಂಸ ಮಧುಗಳ ತ್ಯಾಗವನ್ನು ಮೂಲಗುಣವೆಂದು ಬಾಳಿದವರು. ಆದ್ದರಿಂದ ಅವರ ಮಾತನ್ನು ಬದಿಗೊತ್ತುವಂತಿರಲಿಲ್ಲ. ವರ್ತಕರು ಒಂದು ತಿಂಗಳ ಅವಕಾಶ ಕೇಳಿದರು. ಆ ತಿಂಗಳಲ್ಲಿ ಅವರು ರಾಜರತ್ನಂ ಅವರ ಪುಸ್ತಕಗಳನ್ನು ಮತ್ತೆ ಓದಿ, ವಯಸ್ಸಿಗೆ ತಕ್ಕಂತೆ ವಿಂಗಡಿಸಿದರು. ಆ ವಿಂಗಡಣೆಯು ಇತರ ಊರುಗಳ ಕುಟುಂಬಗಳಿಗೂ ಟ್ರಸ್ಟುಗಳಿಗೂ ಉಪಯುಕ್ತವಾಗಬಹುದು.

ಮೇಷ್ಟ್ರಾಗಿ ಹುಟ್ಟಿದ ಕವಿ

ಗುಂಡ್ಲು ಪಂಡಿತ ರಾಜರತ್ನಂ ಅವರು ಹುಟ್ಟಿದುದು ರಾಮನಗರದಲ್ಲಿ, 20ನೆಯ ಶತಮಾನದ ಮೊದಲ ದಶಕದ ಕೊನೆಯ ಭಾಗದಲ್ಲಿ, ಶ್ರೀವೈಷ್ಣವ ಮನೆತನದಲ್ಲಿ. ತಂದೆ ಶಾಲೆಯ ಉಪಾಧ್ಯಾಯರು. ಕನ್ನಡದಲ್ಲಿ ಎಂ.ಎ. ಮಾಡಿದ ಮೇಲೆಯೂ ತಕ್ಕ ಉದ್ಯೋಗ ದೊರೆಯದೆ ಕೆಲಕಾಲ ಎಳೆಯ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು. ಆಗ ಪಠ್ಯಪುಸ್ತಕದಲ್ಲಿದ್ದ ಶಿಶುಗೀತೆಗಳು ಅವರಿಗೆ ಹಿಡಿಸಲಿಲ್ಲ. ತಾವೇ ಪದ್ಯ ಕಟ್ಟಿ ಮಕ್ಕಳಿಂದ ಹಾಡಿಸಿದರು. ಹೀಗೆ ಹುಟ್ಟಿದುದು 'ತುತ್ತೂರಿ'. ಕೈತುಂಬ ಸಂಬಳದ ಕೆಲಸ ಸಿಕ್ಕಿದ್ದರೆ ಕನ್ನಡದ ಮಕ್ಕಳಿಗೆ ಈ ಸಂಪತ್ತು ದಕ್ಕುತ್ತಿತ್ತೋ ಇಲ್ಲವೋ!

ಉದ್ಯೋಗವಿಲ್ಲದ ಆ ದಿನಗಳಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಪ್ರೋತ್ಸಾಹವು ಅವರಿಗೆ ಒದಗಿತು. ಬೌದ್ಧ ಸಾಹಿತ್ಯವನ್ನು ಅಧ್ಯಯನ ಮಾಡಿ ಕನ್ನಡಕ್ಕೆ ತರುವ ಕೆಲಸವನ್ನು ಕೈಗೆತ್ತಿಕೊಂಡರು. ಅದರ ಜೊತೆಯಲ್ಲಿಯೇ ಜೈನ ಸಾಹಿತ್ಯದ ಕಡೆಗೂ ತಿರುಗಿದರು. ಮುಂದೆ ಕಾಲೇಜುಗಳಲ್ಲಿ ಕನ್ನಡ ಅಧ್ಯಾಪಕರಾಗಿ, ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಿನ ಮೇಷ್ಟ್ರಾಗಿ, ಕನ್ನಡ ಪುಸ್ತಕಗಳನ್ನು ಓದುಗರ ಬಳಿಗೆ ತಾವೇ ಒಯ್ದು ಮಾರಿದ ಪರಿಚಾರಕರಾಗಿ ಬಾಳಿದರು. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಗಿತ್ತು. 1979ರಲ್ಲಿ ತೀರಿಕೊಂಡರು. ಪುಸ್ತಕವನ್ನು ಬರೆದರೆ ಸಾಲದು, ಅದು ಓದುವವನ ಕೈಗೆ ಮುಟ್ಟಬೇಕು ಎಂಬ ನಿಷ್ಠೆ ಅವರ ಬಾಳಿನುದ್ದಕ್ಕೂ ಕಾಣುತ್ತದೆ. ಶಾಸ್ತ್ರದಾನವನ್ನು ಕುರಿತು ಚಿಂತಿಸುವವರಿಗೆ ಇದೇ ಒಂದು ಪಾಠ.

ಮೊದಲ ಮೆಟ್ಟಿಲು: 'ತುತ್ತೂರಿ', 'ಕಡಲೆಪುರಿ'

ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಕೊಡಬೇಕಾದುದು ಅವರ ಶಿಶುಗೀತೆಗಳನ್ನು. 'ತುತ್ತೂರಿ', 'ಕಡಲೆಪುರಿ' ಮೊದಲಾದ ಸಂಕಲನಗಳೂ 'ಕಂದನ ಕಾವ್ಯಮಾಲೆ'ಯೂ ಈ ವಯಸ್ಸಿಗೆ ತಕ್ಕವು. ಇವುಗಳಲ್ಲಿ ನೀತಿಯನ್ನು ಹೊರಗಿನಿಂದ ಅಂಟಿಸಿಲ್ಲ. ಕಥೆಯ ಒಳಗೇ ಅದು ಬೆರೆತಿದೆ.

ಬಣ್ಣದ ತಗಡಿನ ತುತ್ತೂರಿಯ ಪದ್ಯವನ್ನೇ ನೋಡಬಹುದು. ಹುಡುಗನೊಬ್ಬನು ಕಾಸು ಕೊಟ್ಟು ತುತ್ತೂರಿಯನ್ನು ಕೊಳ್ಳುತ್ತಾನೆ. ಅದು ತನಗೊಬ್ಬನಿಗೇ ಇದೆ, ಬೇರಾರಿಗೂ ಇಲ್ಲ ಎಂದು ಬೀಗುತ್ತಾನೆ. ಕೊನೆಗೆ ತುತ್ತೂರಿಯು ಜಾರಿ ನೀರಿಗೆ ಬೀಳುತ್ತದೆ. ನೀರು ತುಂಬಿದ ಅದರ ಗಂಟಲಿನಿಂದ ಇಂಪಾದ ಸ್ವರ ಮತ್ತೆ ಹೊರಡುವುದಿಲ್ಲ. ಕೆಲವೇ ಸಾಲುಗಳ ಈ ಪದ್ಯದಲ್ಲಿ ಜೈನ ಶ್ರಾವಕನು ಜೀವಮಾನವಿಡೀ ಕಲಿಯಬೇಕಾದ ಸಂಗತಿಗಳಿವೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಲ್ಲಿ ಮಾನವೆಂಬುದು ಯಾವುದು? ವಸ್ತುವನ್ನು ಹೊಂದುವುದಕ್ಕೂ ಅದರಲ್ಲಿ ಮೂರ್ಛೆಗೊಳ್ಳುವುದಕ್ಕೂ ಏನು ಭೇದ? ದೊಡ್ಡವರಿಗೆ ತಾಸುಗಟ್ಟಲೆ ಪ್ರವಚನ ಬೇಕಾಗುವ ಈ ವಿಚಾರವನ್ನು ಮಗುವು ನಗುನಗುತ್ತಲೇ ಗ್ರಹಿಸುತ್ತದೆ.

ಕೃಷ್ಣರಾಜಪೇಟೆಯ ಆ ವರ್ತಕರಿಗೆ ಎರಡನೆಯ ತರಗತಿಯಲ್ಲಿ ಓದುವ ಮೊಮ್ಮಗಳಿದ್ದಾಳೆ. ಇಂಗ್ಲಿಷ್ ಮಾಧ್ಯಮದ ಶಾಲೆ. ಕನ್ನಡದ ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಅಂಗಡಿ ಮುಚ್ಚಿದ ಮೇಲೆ ಒಂದು ಸಂಜೆ ಅವಳಿಗೆ ಈ ಪದ್ಯವನ್ನು ಓದಿ ಹೇಳಿದರು. ಜಂಬ ಪಡಬಾರದು ಎಂದು ಅರ್ಥ ಬಿಡಿಸುವ ಮೊದಲೇ ಅವಳು ಕೇಳಿದಳು: "ತಾತ, ಅವನು ಬೇರೆ ಹುಡುಗರಿಗೂ ಒಂದೊಂದು ಸಲ ಊದೋಕೆ ಕೊಟ್ಟಿದ್ರೆ, ಅವರೆಲ್ಲ ಸೇರಿ ಹುಡುಕಿ ಒಣಗಿಸಿಕೊಡ್ತಿದ್ರು ಅಲ್ವಾ?" ಮಾನ ಕಷಾಯದ ಪಾಠವನ್ನು ಹೇಳಹೊರಟವರಿಗೆ ಮಗುವು ಅಪರಿಗ್ರಹದ ಪಾಠವನ್ನು ಹೇಳಿತ್ತು. ಹಂಚಿಕೊಂಡ ವಸ್ತುವಿಗೆ ಕಾಯುವವರು ಹಲವರು, ಬಚ್ಚಿಟ್ಟುಕೊಂಡ ವಸ್ತುವಿಗೆ ಕಾಯುವವನು ಒಬ್ಬನೇ. ಈ ಅರ್ಥವು ಪದ್ಯದಲ್ಲಿ ಬರೆದಿಲ್ಲ. ಒಳ್ಳೆಯ ಪುಸ್ತಕವು ಮಗುವಿನಲ್ಲಿ ಎಬ್ಬಿಸಿದ ಪ್ರಶ್ನೆ ಅದು.

ನಾಯಿಮರಿಯ ಪದ್ಯವೂ ಹಾಗೆಯೇ. ಹಸಿದ ಮರಿಗೂ ಮನೆಯ ಮಗುವಿಗೂ ನಡೆಯುವ ಮಾತುಕತೆ ಅದು. ಮರಿಗೆ ತಿಂಡಿ ಬೇಕು, ಮನೆಗೆ ಕಾವಲು ಬೇಕು. ಇಬ್ಬರೂ ಪರಸ್ಪರ ಒದಗುತ್ತಾರೆ. ಜೀವಗಳು ಒಂದಕ್ಕೊಂದು ಉಪಕರಿಸುವುದಕ್ಕಾಗಿ ಇವೆ ಎಂಬ ಉಮಾಸ್ವಾತಿ ಆಚಾರ್ಯರ ಸಿದ್ಧಾಂತವನ್ನು ಐದು ವರ್ಷದ ಮಗುವಿಗೆ ಹೇಳಲು ಇದಕ್ಕಿಂತ ಸುಲಭವಾದ ದಾರಿಯು ಸಿಗಲಾರದು. ಬೀದಿಯ ನಾಯಿಗೆ ಕಲ್ಲು ಬೀರುವ ಕೈಯನ್ನು ಅಣುವ್ರತದ ಉಪದೇಶಕ್ಕಿಂತ ಮೊದಲೇ ಈ ಪದ್ಯವು ತಡೆದೀತು. ಇಲ್ಲಿಗೆ ಹಿರಿಯರ ಮೊದಲನೆಯ ಆಕ್ಷೇಪಣೆಗೆ ಉತ್ತರ ದೊರೆತಂತಾಯಿತು.

ಎರಡನೆಯ ಮೆಟ್ಟಿಲು: ಜಾತಕಗಳು

ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕಥೆಯ ಹಸಿವು ಹೆಚ್ಚು. ರಾಜರತ್ನಂ ಅವರು ಕನ್ನಡಕ್ಕೆ ತಂದ 'ಬುದ್ಧನ ಜಾತಕಗಳು' ಈ ವಯಸ್ಸಿಗೆ ಹೊಂದುತ್ತವೆ. ಬೌದ್ಧರ ಕಥೆಗಳು ಜೈನ ಮನೆಗೆ ಏಕೆಂದು ಕೇಳುವವರಿದ್ದಾರೆ. ತೀರ್ಥಂಕರರ ಭವಾವಳಿಗಳನ್ನು ಕೇಳಿ ಬೆಳೆದ ಮಗುವಿಗೆ ಜನ್ಮಜನ್ಮಾಂತರಗಳ ಕಥೆಯು ಅಪರಿಚಿತವಲ್ಲ. ಒಂದು ಜೀವವು ಭವದಿಂದ ಭವಕ್ಕೆ ಹೇಗೆ ಮಾಗುತ್ತ ಬರುತ್ತದೆ ಎಂಬ ಕುತೂಹಲವು ಎರಡು ಪರಂಪರೆಗಳಿಗೂ ಸಮಾನವಾದುದು.

ಜಾತಕಗಳ ರಾಶಿಯಲ್ಲಿ ವರ್ತಕರ ಮನೆಯ ಮಕ್ಕಳು ಅಗತ್ಯವಾಗಿ ತಿಳಿಯಬೇಕಾದುದು ಸೇರಿವಾಣಿಜ ಜಾತಕ. ಇಬ್ಬರು ತಿರುಗು ವ್ಯಾಪಾರಿಗಳು ಒಂದೇ ಊರಿಗೆ ಬರುತ್ತಾರೆ. ಬಡತನಕ್ಕೆ ಬಿದ್ದ ಮನೆಯೊಂದರಲ್ಲಿ ಅಜ್ಜಿಯೂ ಮೊಮ್ಮಗಳೂ ಮಾತ್ರ ಉಳಿದಿದ್ದಾರೆ. ಮೊಮ್ಮಗಳು ಒಡವೆಗೆ ಆಸೆಪಡಲು, ಮಸಿ ಹಿಡಿದ ಹಳೆಯ ಬಟ್ಟಲೊಂದನ್ನು ಅಜ್ಜಿಯು ಮೊದಲನೆಯವನಿಗೆ ತೋರಿಸುತ್ತಾಳೆ. ಅವನು ಸೂಜಿಯಿಂದ ಗೀರಿ ಅದು ಚಿನ್ನವೆಂದು ತಿಳಿದೂ, ಬಿಡಿಗಾಸಿಗೆ ಬಾಳದೆಂದು ನೆಲಕ್ಕೆಸೆದು ಹೋಗುತ್ತಾನೆ. ಆಮೇಲೆ ಬಂದು ಸುಮ್ಮನೆ ಹೊಡೆದುಕೊಳ್ಳಬೇಕೆಂಬುದು ಅವನ ಲೆಕ್ಕ. ಎರಡನೆಯವನು ಬಂದು ನೋಡಿ, ಇದು ಲಕ್ಷ ಬೆಲೆಯ ಚಿನ್ನದ ಬಟ್ಟಲು, ಇದಕ್ಕೆ ಸಾಟಿಯಾದ ಹಣ ನನ್ನ ಕೈಯಲ್ಲಿಲ್ಲ ಎಂದು ಇದ್ದುದನ್ನು ಇದ್ದಂತೆ ಹೇಳಿಬಿಡುತ್ತಾನೆ. ಅಜ್ಜಿಯು ಮೆಚ್ಚಿ ಕೈಲಾದುದನ್ನು ಕೊಡೆನ್ನಲು, ತಕ್ಕಡಿಯನ್ನೂ ದೋಣಿಯ ಬಾಡಿಗೆಗೆ ಎಂಟು ಕಾಸನ್ನೂ ಉಳಿಸಿಕೊಂಡು, ತನ್ನ ಹಣವನ್ನೂ ಸರಕನ್ನೂ ಪೂರಾ ಕೊಟ್ಟು ಬಟ್ಟಲನ್ನು ಪಡೆಯುತ್ತಾನೆ. ಹಿಂದಿರುಗಿ ಬಂದ ಲೋಭಿಯು ಎದೆಯೊಡೆದು ಸಾಯುತ್ತಾನೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಹೆಸರುಗಳನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ತೂಕದಲ್ಲಿ ಮೋಸ, ಸರಕಿನಲ್ಲಿ ಬೆರಕೆ ಎಂಬ ಅರ್ಥವನ್ನೂ ಒಪ್ಪಿಸುತ್ತಾರೆ. ಆದರೆ ಗಿರಾಕಿಗೆ ತನ್ನ ವಸ್ತುವಿನ ಬೆಲೆ ತಿಳಿಯದಿದ್ದಾಗ ವರ್ತಕನ ಕರ್ತವ್ಯವೇನು? ಸಂತೆಯ ದಿನ ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಕಿವಿಯ ಓಲೆಯನ್ನು ಗಿರವಿ ಇಡಲು ಬಿಚ್ಚಿಕೊಟ್ಟಾಗ ಗಲ್ಲೆಯ ಹಿಂದೆ ಕುಳಿತವನ ಧರ್ಮವೇನು? ಆ ಅಜ್ಜಿಯ ಬಟ್ಟಲಿನ ಕಥೆಯು ಮನಸ್ಸಿನಲ್ಲಿ ನಾಟಿದ ಮಗುವು ದೊಡ್ಡದಾಗಿ ಗಲ್ಲೆಯ ಮೇಲೆ ಕುಳಿತಾಗ, ತಕ್ಕಡಿಯ ಮುಳ್ಳಿನೊಡನೆ ಕಥೆಯೂ ಅದರ ಕಣ್ಣ ಮುಂದೆ ನಿಲ್ಲುತ್ತದೆ.

ಮೂರನೆಯ ಮೆಟ್ಟಿಲು: ಮಹಾವೀರ, ಗೊಮ್ಮಟೇಶ್ವರ

ಹನ್ನೆರಡು ದಾಟಿದ ಮಕ್ಕಳಿಗೆ ಹಾಗೂ ಅವರ ತಂದೆತಾಯಿಗಳಿಗೆ ರಾಜರತ್ನಂ ಅವರ ಜೈನ ಕೃತಿಗಳಿವೆ: 'ಭಗವಾನ್ ಮಹಾವೀರ', 'ಮಹಾವೀರನ ಮಾತುಕತೆ', 'ಶ್ರೀ ಗೋಮಟೇಶ್ವರ', 'ಜೈನರ ಅರುವತ್ತುಮೂವರು'. ಶಿಶುಗೀತೆಗಳ ಕವಿಯೆಂದು ನಾಡೆಲ್ಲ ಬಲ್ಲ ಈ ಲೇಖಕರು ಇಂತಹ ಪುಸ್ತಕಗಳನ್ನೂ ಬರೆದಿದ್ದಾರೆಂಬುದು ಎಷ್ಟೋ ಜೈನ ಮನೆಗಳಲ್ಲಿ ತಿಳಿಯದು.

ಅರುವತ್ತುಮೂವರೆಂದರೆ 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು. ತ್ರಿಷಷ್ಟಿ ಶಲಾಕಾ ಪುರುಷರು. ಈ ವಿಷಯವನ್ನು ಕನ್ನಡ ಗದ್ಯದಲ್ಲಿ ಸಾವಿರ ವರ್ಷಗಳ ಹಿಂದೆಯೇ, 978ರಲ್ಲಿ, ಚಾವುಂಡರಾಯನು ಹೇಳಿದ್ದನು. ವಡ್ಡಾರಾಧನೆಯ ಕರ್ತೃವೂ ಜನರಿಗೆ ತಿಳಿಯುವ ಗದ್ಯದಲ್ಲಿಯೇ ಧರ್ಮಕಥೆಗಳನ್ನು ಬರೆದನು. ಭಗವಾನ್ ಮಹಾವೀರರ ಉಪದೇಶವು ಪ್ರಾಕೃತದಲ್ಲಿ, ಅಂದರೆ ಜನರಾಡುವ ನುಡಿಯಲ್ಲಿ, ಪ್ರಸಾರಗೊಂಡುದು ಸರ್ವವಿದಿತ. ಕಠಿನವಾದುದನ್ನು ಆಡುನುಡಿಯ ಸಮೀಪಕ್ಕೆ ತರುವುದು ಜೈನ ಸಾಹಿತ್ಯದ ಮೂಲಮಾರ್ಗವೇ ಆಗಿದೆ. ಆ ಮಾರ್ಗದಲ್ಲಿ ರಾಜರತ್ನಂ ಅವರು ಹೊರಗಿನವರಲ್ಲ.

ಕೃಷ್ಣರಾಜಪೇಟೆ, ನಾಗಮಂಗಲಗಳ ಮಕ್ಕಳು ಬೆಳಗೊಳಕ್ಕೆ ಹಲವು ಸಲ ಹೋಗಿರುತ್ತಾರೆ. 2018ರ ಮಹಾಮಸ್ತಕಾಭಿಷೇಕವನ್ನು ತಂದೆಯ ಹೆಗಲ ಮೇಲೆ ಕುಳಿತು ನೋಡಿದವರೂ ಇದ್ದಾರೆ. ಮೂರ್ತಿಯ ಎತ್ತರ 58 ಅಡಿ ಎಂಬುದನ್ನು ಯಾವ ಮಗುವೂ ಹೇಳುತ್ತದೆ. ಗೆದ್ದವನು ಏಕೆ ಬಿಟ್ಟುಹೋದನು ಎಂಬುದನ್ನು ಕೇಳಿದರೆ ಮಾತ್ರ ಸುಮ್ಮನಾಗುತ್ತದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದ ಬಾಹುಬಲಿಯು, ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕಪ್ಪಳಿಸದೆ ಮೆಲ್ಲನೆ ಇಳಿಸಿ ಅರಣ್ಯಕ್ಕೆ ನಡೆದುದು ಏಕೆ? ಆಸ್ತಿಯ ಪಾಲಿಗಾಗಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತುವ ಈ ಕಾಲದಲ್ಲಿ ಬೆಟ್ಟದ ಮೆಟ್ಟಿಲು ಹತ್ತುವ ಮುನ್ನ ಮಗುವು ಈ ಕಥೆಯನ್ನು ಓದಿರುವುದು ಒಳ್ಳೆಯದು. ಆಗ 58 ಅಡಿಯ ಅಂಕಿಗೂ ಒಂದು ಅರ್ಥ ಬರುತ್ತದೆ.

ಹಿರಿಯ ಸದಸ್ಯರ ಮಾತಿನಲ್ಲಿ ಗ್ರಾಹ್ಯವಾದ ಅಂಶವೊಂದು ಇಲ್ಲಿದೆ. ಮಹಾವೀರರ ಚರಿತ್ರೆಯಲ್ಲಿ ದಿಗಂಬರ, ಶ್ವೇತಾಂಬರ ಪರಂಪರೆಗಳಿಗೆ ಭೇದವುಂಟು. ಅವರು ಬಾಲಬ್ರಹ್ಮಚಾರಿಗಳೆಂದು ದಿಗಂಬರರೂ, ಯಶೋದೆಯೊಡನೆ ವಿವಾಹವಾಗಿತ್ತೆಂದು ಶ್ವೇತಾಂಬರರೂ ಹೇಳುತ್ತಾರೆ. ಯಾರೇ ಬರೆದ ಚರಿತ್ರೆಯಾದರೂ ಹಿರಿಯರು ತಾವು ಮೊದಲು ಓದಿ, ಇಂತಹ ಕಡೆಗಳಲ್ಲಿ ಎರಡು ಪರಂಪರೆಗಳ ಮಾತನ್ನೂ ಮಗುವಿಗೆ ತಿಳಿಸಬೇಕು. ಭೇದವನ್ನು ಮುಚ್ಚಿಡುವುದಕ್ಕಿಂತ ಗೌರವದಿಂದ ತೆರೆದಿಡುವುದೇ ಅನೇಕಾಂತ.

ಬರೆದವರು ಜೈನರಲ್ಲ ಎಂಬ ಮಾತು

ಪಾಂಡವಪುರ ತಾಲೂಕಿನಲ್ಲಿಯೇ ತೊಣ್ಣೂರೂ ಮೇಲುಕೋಟೆಯೂ ಇವೆ. ರಾಮಾನುಜಾಚಾರ್ಯರು ಈ ಸೀಮೆಯಲ್ಲಿ ನೆಲಸಿದ್ದು, ಜೈನರೊಡನೆ ವಾದ ಮಾಡಿದ್ದು ಮೊದಲಾದ ಐತಿಹ್ಯಗಳನ್ನು ಇಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಜೈನರಿಗೂ ಶ್ರೀವೈಷ್ಣವರಿಗೂ ವಿಜಯನಗರದ ಕಾಲದಲ್ಲಿ ವಿವಾದವುಂಟಾದಾಗ, 1368ರಲ್ಲಿ ಬುಕ್ಕರಾಯನು ಇಬ್ಬರ ಕೈಯನ್ನೂ ಒಂದಾಗಿಸಿ ತೀರ್ಪು ಕೊಟ್ಟನು. ಜೈನ ದರ್ಶನಕ್ಕೂ ವೈಷ್ಣವ ದರ್ಶನಕ್ಕೂ ಭೇದವಿಲ್ಲವೆಂದು ಸಾರುವ ಆ ಶಾಸನವು ಶ್ರವಣಬೆಳಗೊಳದಲ್ಲಿದೆ. ಒಪ್ಪಂದದಲ್ಲಿ ಸೇರಿದ ಶ್ರೀವೈಷ್ಣವ ಕ್ಷೇತ್ರಗಳ ಪೈಕಿ ಮೇಲುಕೋಟೆಯೂ ಒಂದು.

ಅರಸನ ಆಜ್ಞೆಯು ಕಲಹವನ್ನು ನಿಲ್ಲಿಸಬಲ್ಲುದು, ಪ್ರೀತಿಯನ್ನು ಹುಟ್ಟಿಸಲಾರದು. ಆ ಶಾಸನದ ತರುವಾಯ ಸುಮಾರು 600 ವರ್ಷಗಳಿಗೆ ಶ್ರೀವೈಷ್ಣವ ಮನೆತನದ ಒಬ್ಬ ಮೇಷ್ಟ್ರು, ಯಾರ ಆಜ್ಞೆಯೂ ಇಲ್ಲದೆ, ಯಾವ ಬಸದಿಯ ವರ್ಷಾಶನವೂ ಇಲ್ಲದೆ, ಮಹಾವೀರರ ಮಾತನ್ನು ತನ್ನ ಕನ್ನಡದಲ್ಲಿ ಬರೆದರು. ಶಾಸನವು ಬಯಸಿದುದು ಅಂದು ಪೂರ್ಣವಾಯಿತೆನ್ನಬಹುದು. ಅಂತಹ ಪುಸ್ತಕವನ್ನು ಬರೆದವರು ಜೈನರಲ್ಲ ಎಂಬ ಕಾರಣದಿಂದ ಬಸದಿಯ ಬಾಗಿಲಲ್ಲಿ ತಡೆಯುವುದು ಔಚಿತ್ಯವೆನಿಸದು.

ರತ್ನನ ಪದಗಳು

ಮೂರನೆಯ ಆಕ್ಷೇಪಣೆಯು 'ರತ್ನನ ಪದಗಳು' ಕುರಿತಾದುದು. ಕುಡುಕ ರತ್ನ, ಅವನ ಹೆಂಡತಿ ಪುಟ್ನಂಜಿ, ಅವನ ಬಡತನ, ಕನ್ನಡದ ಮೇಲಣ ಅವನ ಮಮತೆ, ಇವೆಲ್ಲ ಆ ಪದಗಳಲ್ಲಿವೆ. ಮೈಸೂರು ಅನಂತಸ್ವಾಮಿಯವರ ಗಾಯನದಿಂದ ಅವು ಮನೆಮಾತಾದವು. ಮಂಡ್ಯ ಸೀಮೆಯ ಹಳ್ಳಿಗರು ಅಂಗಡಿಯ ಕಟ್ಟೆಯಲ್ಲಿ ಆಡುವ ಕನ್ನಡಕ್ಕೆ ಆ ಪದಗಳ ಕನ್ನಡವು ತೀರ ಹತ್ತಿರ. ಎಳೆಯ ಮಕ್ಕಳಿಗೆ ಅವು ತಕ್ಕವಲ್ಲ ಎಂಬುದು ನಿಜ. ಹದಿನೈದು ಹದಿನಾರು ತುಂಬಿದ ಮೇಲೆ, ಹಿರಿಯರೊಡನೆ ಓದಿದರೆ ಸಾಕು.

ಆದರೆ ದೋಷವಿರುವ ಮನುಷ್ಯನ ಮಾತನ್ನು ಬರೆದವನೇ ದೋಷಿಯೆಂದು ತಿಳಿಯುವುದಾದರೆ ಜನ್ನ ಕವಿಯನ್ನು ಏನೆನ್ನಬೇಕು? 1209ರಲ್ಲಿ ರಚಿತವಾದ ಯಶೋಧರ ಚರಿತೆಯಲ್ಲಿ ಅರಸಿ ಅಮೃತಮತಿಯು ವಿಕಾರ ರೂಪದ ಮಾವುತನಿಗೆ ಮನಸೋಲುತ್ತಾಳೆ, ಗಂಡನನ್ನು ಕೊಲ್ಲುತ್ತಾಳೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪ ಹಿಂಸೆಗೆ ಜನ್ಮಜನ್ಮಗಳ ಫಲವುಂಟೆಂಬುದನ್ನು ಹೇಳುವುದಕ್ಕಾಗಿ ಕವಿಯು ಅದನ್ನೆಲ್ಲ ಬಣ್ಣಿಸಬೇಕಾಯಿತು. ಆ ಕಾವ್ಯವನ್ನು ಆದರಿಸುವ ಸಮಾಜವು ಬಡ ರತ್ನನಿಗೆ ಹೆದರಬೇಕಾಗಿಲ್ಲ. ಮದ್ಯವನ್ನು ತ್ಯಜಿಸುವುದು ಮೂಲಗುಣ; ಮದ್ಯಕ್ಕೆ ಸಿಕ್ಕಿದವನನ್ನು ಮನುಷ್ಯನೆಂದು ಕಾಣುವುದು ಕರುಣೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಶ್ರಾವಕನಿಗೆ ಸಾಧ್ಯವಾಗಬೇಕು.

ಸಭೆಯ ತೀರ್ಮಾನ

ತಿಂಗಳ ತರುವಾಯ ಸಭೆಯು ಮತ್ತೆ ಸೇರಿದಾಗ ವರ್ತಕರು ಈ ವಿವರಗಳನ್ನು ಮಂಡಿಸಿದರು. ಹಿರಿಯ ಸದಸ್ಯರು ಎಲ್ಲವನ್ನೂ ಒಪ್ಪಲಿಲ್ಲ. ರತ್ನನ ಪದಗಳನ್ನು ಟ್ರಸ್ಟಿನ ಹಣದಿಂದ ಕೊಳ್ಳುವುದು ಬೇಡವೆಂಬ ಅವರ ಮಾತಿಗೆ ವರ್ತಕರು ಮಣಿದರು. ತುತ್ತೂರಿಯ ಬಗ್ಗೆ ಮೊಮ್ಮಗಳು ಕೇಳಿದ ಪ್ರಶ್ನೆಯನ್ನು ಕೇಳಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಸ್ವಾಮಿ, ಆ ಮಹಾವೀರನ ಪುಸ್ತಕವನ್ನು ಮೊದಲು ನನಗೆ ಕೊಡಿ. ಓದಿ, ಎಲ್ಲಿ ಏನು ಹೇಳಬೇಕೋ ಗುರುತು ಹಾಕಿಕೊಡುತ್ತೇನೆ" ಎಂದರು. ಪಾಠಶಾಲೆಗೆ ಓದುವ ಹಿರಿಯರೊಬ್ಬರು ಹೀಗೆ ದೊರೆತರು.

ಮಹಾವೀರ ಜಯಂತಿಯ ಬದಲು ಶ್ರುತಪಂಚಮಿಯಂದು ಪುಸ್ತಕಗಳನ್ನು ಹಂಚುವುದೆಂದು ತೀರ್ಮಾನವಾಯಿತು. ಭೂತಬಲಿ, ಪುಷ್ಪದಂತ ಆಚಾರ್ಯರಿಂದ ಷಟ್ಖಂಡಾಗಮವು ಲಿಖಿತ ರೂಪಕ್ಕೆ ಬಂದುದರ ನೆನಪಿನ ಆ ಪರ್ವದಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ ಪೂಜಿಸುವ ಪದ್ಧತಿಯಿದೆ. ಮಕ್ಕಳ ಪುಸ್ತಕಕ್ಕೂ ಅದೇ ದಿನ ಪ್ರಶಸ್ತವಾದುದು. ಅದಕ್ಕೆ ಕೆಲವು ನಿಯಮಗಳನ್ನು ಸೇರಿಸಿದರು. ಮನೆಯ ಹಿರಿಯರೊಬ್ಬರು ಪುಸ್ತಕವನ್ನು ಮಗುವಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಮುಗಿಸಿದ ದಿನ ಕೊನೆಯ ಹಾಳೆಯಲ್ಲಿ ಓದಿದವರೂ ಕೇಳಿದವರೂ ತಮ್ಮ ಹೆಸರು ಬರೆಯಬೇಕು. ಓದಿ ಮುಗಿಸಿದ ಪುಸ್ತಕವನ್ನು ಇನ್ನೊಂದು ಮನೆಗೆ ದಾಟಿಸಬೇಕು. ರಾಜಸ್ಥಾನದ ಕಡೆಯ ಮನೆಗಳಲ್ಲಿ ತಂದೆತಾಯಿಗಳಿಗೇ ಕನ್ನಡ ಓದು ಬಾರದಿದ್ದರೆ ಪಾಠಶಾಲೆಯ ದೊಡ್ಡ ಮಕ್ಕಳು ಹೋಗಿ ಓದಿ ಹೇಳಬೇಕು.

ಇತರ ಊರುಗಳ ಟ್ರಸ್ಟುಗಳೂ ಬಹುಮಾನದ ಪುಸ್ತಕಗಳನ್ನು ಆರಿಸುವಾಗ ಇಷ್ಟನ್ನು ವಿಚಾರಿಸಬಹುದು. ಪುಸ್ತಕದ ತೂಕವನ್ನೂ ಬಟ್ಟಿನ ಬಣ್ಣವನ್ನೂ ನೋಡಿ ಕೊಳ್ಳುವ ಬದಲು, ಪಡೆಯುವ ಮಗುವಿನ ವಯಸ್ಸನ್ನು ಕೇಳಿ ಕೊಳ್ಳಲಿ. ಆಗಮಗಳೂ ಪುರಾಣಗಳೂ ಎಂದಿಗೂ ಬೇಕು. ಆದರೆ ಅವುಗಳವರೆಗೆ ಮಗುವು ನಡೆದು ಬರಬೇಕಾದರೆ ಮೊದಲ ಮೆಟ್ಟಿಲುಗಳು ಮಗುವಿನ ಕಾಲಿಗೆ ಎಟಕುವಂತಿರಬೇಕು. ರಾಜರತ್ನಂ ಅವರು ಅಂತಹ ಮೆಟ್ಟಿಲುಗಳನ್ನು ಕಟ್ಟಿಟ್ಟು ಹೋಗಿದ್ದಾರೆ. ಅವುಗಳ ಮೇಲೆ ಮಗುವಿನ ಕೈ ಹಿಡಿದು ಹತ್ತಿಸುವ ಕೆಲಸವು ಮನೆಯವರಿಗೆ ಸೇರಿದುದು.